ಸ್ವಂತ ಬೋಟ್ ಇಲ್ಲದ ಕ್ಯಾಪ್ಟನ್‌ಗೆ ಗಿರಾಕಿ ಎಲ್ಲಿ? ಹಾಸನ, ಚಿಕ್ಕಮಗಳೂರಿನವರಿಗೆ ಐದು ದಾರಿಗಳ ಹೋಲಿಕೆ

ಬೋಟ್ ನಡೆಸಲು ಬರುತ್ತದೆ, ಆದರೆ ಸ್ವಂತ ಬೋಟ್ ಇಲ್ಲ. ಗೊರೂರಿನ ಹೇಮಾವತಿ ಹಿನ್ನೀರು, ಬೇಲೂರಿನ ಯಗಚಿ, ಲಕ್ಕವಳ್ಳಿಯ ಭದ್ರಾ ಸುತ್ತಮುತ್ತ ಇಂಥ ಯುವಕರು ಸಿಗುತ್ತಾರೆ. ಕೆಲಸ ಬೇಕೆಂದಾಗ ಅವರು ಮೊದಲು ಮಾಡುವುದು ಇನ್‌ಸ್ಟಾಗ್ರಾಂ ಖಾತೆ ತೆರೆದು, ಕಪ್ಪು ಕನ್ನಡಕ ಹಾಕಿಕೊಂಡು ಚುಕ್ಕಾಣಿ ಹಿಡಿದ ಚಿತ್ರ ಹಾಕುವುದು. ಮೆಚ್ಚುಗೆ ಬರುತ್ತದೆ, ಕೆಲಸ ಬರುವುದಿಲ್ಲ. ಆ ಚಿತ್ರ ನೋಡುವವರು ಪ್ರವಾಸಿಗರು, ಪ್ರವಾಸಿಗರ ಬಳಿ ಬೋಟ್ ಇರುವುದಿಲ್ಲ. ಬೋಟ್ ಇರುವುದು ರೆಸಾರ್ಟಿನವರ ಬಳಿ, ಗುತ್ತಿಗೆದಾರರ ಬಳಿ, ಇಲಾಖೆಗಳ ಬಳಿ, ಅಲ್ಲೊಬ್ಬ ಇಲ್ಲೊಬ್ಬ ತೋಟದ ಮಾಲೀಕರ ಬಳಿ. ನಿಮಗೆ ದಿನದ ಸಂಬಳ ಕೊಡುವವರು ಅವರು. ನಿಮ್ಮ ಪ್ರಚಾರ ತಲುಪಬೇಕಾದದ್ದೂ ಅವರಿಗೇ.

ಬೋಟ್ ಮಾಲೀಕನ ತಲೆಯಲ್ಲಿ ಏನು ಓಡುತ್ತಿರುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಕೆಳಗಿನ ಐದು ದಾರಿಗಳಲ್ಲಿ ಯಾವುದು ನಿಮಗೆ ಹೊಂದುತ್ತದೆ ಎಂದು ಲೆಕ್ಕ ಹಾಕುವುದು ಸುಲಭ. ಅವನ ತಲೆಯಲ್ಲಿ ಓಡುವುದು ಭಯ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿಗರ ಬೋಟ್ ಮಗುಚಿ 22 ಮಂದಿ ಸತ್ತರು. ಮೀನುಗಾರಿಕೆಯ ದೋಣಿಯನ್ನೇ ಮಾರ್ಪಡಿಸಿ, ಮಿತಿ ಮೀರಿ ಜನರನ್ನು ಹತ್ತಿಸಿಕೊಂಡಿದ್ದ ಬೋಟ್ ಅದು. ಮಾಲೀಕನೂ ಜೈಲು ಸೇರಿದ, ಚಾಲಕನೂ ಸೇರಿದ. ಮರುವರ್ಷ ಜನವರಿಯಲ್ಲಿ ವಡೋದರದ ಹರಣಿ ಕೆರೆಯಲ್ಲಿ ಶಾಲಾ ಮಕ್ಕಳಿದ್ದ ದೋಣಿ ಮುಳುಗಿತು. ಇಂಥ ಸುದ್ದಿ ಬಂದ ವಾರವೇ ನಮ್ಮ ಜಿಲ್ಲೆಗಳಲ್ಲೂ ತಪಾಸಣೆ ಶುರುವಾಗುತ್ತದೆ. ತಹಶೀಲ್ದಾರರ ಜೀಪು ದಡಕ್ಕೆ ಬರುತ್ತದೆ, ಚಾಲಕ ಯಾರು, ಅವನ ಕಾಗದ ಎಲ್ಲಿ ಎಂಬ ಪ್ರಶ್ನೆ ಏಳುತ್ತದೆ. ಆ ಹೊತ್ತಿನಲ್ಲಿ ಮಾಲೀಕನಿಗೆ ನೆನಪಾಗುವ ಹೆಸರು ನಿಮ್ಮದಾಗಿರಬೇಕು.

ಯಾವ ದಾರಿಗೂ ಮೊದಲು

1917ರ ಹಳೆಯ ಕಾನೂನಿನ ಜಾಗಕ್ಕೆ ಒಳನಾಡು ನೌಕೆಗಳ ಕಾಯ್ದೆ 2021ರಲ್ಲಿ ಬಂದಿದೆ. ಎಂಜಿನ್ ಇರುವ ದೋಣಿಗೆ ನೋಂದಣಿ, ತಪಾಸಣೆ, ವಿಮೆ ಬೇಕು. ಅದನ್ನು ನಡೆಸುವವನಿಗೆ ಅರ್ಹತಾ ಪತ್ರ ಬೇಕು. ರಾಜ್ಯದಲ್ಲಿ ಇದಕ್ಕೆ ಸಂಬಂಧಪಟ್ಟದ್ದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ ಹಾಗೂ ಕರ್ನಾಟಕ ಜಲಸಾರಿಗೆ ಮಂಡಳಿ. ಇವರ ಕೆಲಸ ಹೆಚ್ಚಿನಂಶ ಕರಾವಳಿಯದು. ಹಾಗಾಗಿ ಘಟ್ಟದ ಮೇಲಿನವರು ಒಂದೆರಡು ಸಲ ಓಡಾಡಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ಗೋವಾದಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯಕ್ಕೆ ಸೇರಿದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ. ಪವರ್ ಬೋಟ್ ನಡೆಸುವುದು, ಮುಳುಗುವವರ ಜೀವ ಉಳಿಸುವುದು ಇವೆರಡರ ಕಿರು ತರಬೇತಿ ಅಲ್ಲಿ ಸಿಗುತ್ತದೆ. ರೆಸಾರ್ಟಿನವರಿಗೆ ಈ ಪತ್ರದ ಮೇಲೆ ನಂಬಿಕೆ ಹೆಚ್ಚು. ಆದರೆ ತರಬೇತಿಯ ಪತ್ರ ಬೇರೆ, ಪ್ರಯಾಣಿಕರ ಬೋಟ್ ನಡೆಸಲು ಕಾನೂನು ಕೇಳುವ ಅರ್ಹತಾ ಪತ್ರ ಬೇರೆ. ಒಂದನ್ನು ತೋರಿಸಿ ಇನ್ನೊಂದಿದೆ ಎಂಬಂತೆ ಮಾತನಾಡುವವರು ಇದ್ದಾರೆ. ತಪಾಸಣೆಯ ದಿನ ಸಿಕ್ಕಿಬೀಳುತ್ತಾರೆ, ಮಾಲೀಕನನ್ನೂ ಸಿಕ್ಕಿಸುತ್ತಾರೆ.

ಕಾಗದಗಳ ಜೊತೆಗೆ ಒಂದು ದಿನಚರಿ ಪುಸ್ತಕ ಇಡಿ. ಸಾಮಾನ್ಯ ನೋಟ್‌ಬುಕ್ ಸಾಕು. ಅದರ ಒಂದು ಸಾಲು ಹೀಗಿರಬೇಕು: ‘ಗೊರೂರು ಹಿನ್ನೀರು, ಬೆಳಗ್ಗೆ 7ರಿಂದ 10, 40 ಎಚ್‌ಪಿ ಔಟ್‌ಬೋರ್ಡ್, ಆರು ಮಂದಿ, ಒಂಬತ್ತರ ನಂತರ ಪಶ್ಚಿಮದ ಗಾಳಿ, ಶೆಟ್ಟಿಹಳ್ಳಿ ಚರ್ಚಿನ ಬಲಕ್ಕೆ ನೀರು ಇಳಿದು ಮರದ ಬೊಡ್ಡೆ ಕಾಣಿಸಿತು, ಹತ್ತಿರ ಹೋಗಲಿಲ್ಲ.’ ಕೆಳಗೆ ಮಾಲೀಕನ ಸಹಿ. (ಔಟ್‌ಬೋರ್ಡ್ ಎಂದರೆ ಬೋಟಿನ ಹಿಂಬದಿಗೆ ಹೊರಗಿನಿಂದ ಕೂರಿಸುವ ಎಂಜಿನ್.) ‘ಅನುಭವಿ ಚಾಲಕ’ ಎಂದು ಹತ್ತು ಸಲ ಹೇಳಿಕೊಂಡರೂ ಇಂಥ ಒಂದು ಪುಟದಷ್ಟು ಕೆಲಸ ಆಗುವುದಿಲ್ಲ. ಬೋಟ್ ಇಟ್ಟವನಿಗೆ ಆ ಕೊನೆಯ ಎರಡು ಪದಗಳ ಬೆಲೆ ಗೊತ್ತು, ಏಕೆಂದರೆ ಬೊಡ್ಡೆಗೆ ಬಡಿದ ಪ್ರೊಪೆಲ್ಲರಿನ ಬಿಲ್ಲು ಕಟ್ಟಿದವನು ಅವನೇ.

ಒಂದೇ ರೆಸಾರ್ಟಿಗೆ ತಿಂಗಳ ಸಂಬಳ

ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಕಡೆ ಕೆರೆ ಅಥವಾ ಹಿನ್ನೀರಿಗೆ ತಾಗಿದ ರೆಸಾರ್ಟ್, ಹೋಂಸ್ಟೇಗಳು ಹೀಗೆ ಜನ ಇಟ್ಟುಕೊಳ್ಳುತ್ತವೆ. ಊಟ, ವಸತಿ, ಒಂದನೇ ತಾರೀಖಿಗೆ ಸಂಬಳ. ಮನೆಯಲ್ಲಿ ಸಾಲದ ಕಂತು ಇದ್ದರೆ, ಮಕ್ಕಳು ಶಾಲೆಗೆ ಹೋಗುತ್ತಿದ್ದರೆ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ.

ತೊಂದರೆ ಏನೆಂದರೆ ಅಲ್ಲಿ ನೀವು ಕ್ಯಾಪ್ಟನ್ ಆಗಿ ಉಳಿಯುವುದು ಕಷ್ಟ. ಬೋಟ್ ಓಡುವುದು ದಿನಕ್ಕೆ ಒಂದೆರಡು ಗಂಟೆ; ಉಳಿದ ಹೊತ್ತಿಗೆ ಅತಿಥಿಗಳ ಪೆಟ್ಟಿಗೆ ಹೊರುವುದು, ಸಂಜೆಯ ಬೆಂಕಿಗೆ ಸೌದೆ ಜೋಡಿಸುವುದು, ಬ್ಯಾಡ್ಮಿಂಟನ್ ಬಲೆ ಕಟ್ಟುವುದು. ಬೋಟುಗಳೂ ಚಿಕ್ಕವು, ಪೆಡಲ್ ಬೋಟ್, ಕಯಾಕ್, ಹೆಚ್ಚೆಂದರೆ 25 ಎಚ್‌ಪಿಯ ಒಂದು ಎಂಜಿನ್. ಎರಡು ವರ್ಷ ಹೀಗೆ ಕಳೆದರೆ ನಿಮ್ಮ ದಿನಚರಿ ಪುಸ್ತಕದಲ್ಲಿ ತೋರಿಸಲು ಏನೂ ಇರುವುದಿಲ್ಲ. ವಯಸ್ಸು ಇಪ್ಪತ್ತರ ಆಸುಪಾಸಿನಲ್ಲಿದ್ದರೆ ನಾನು ಈ ದಾರಿಯನ್ನು ಕೊನೆಗೆ ಇಡುತ್ತೇನೆ.

ಒಪ್ಪಿಕೊಳ್ಳುವುದಾದರೆ ಒಂದು ವಿಷಯವನ್ನು ಮಾತ್ರ ಬರವಣಿಗೆಯಲ್ಲಿ ಪಡೆಯಿರಿ: ಬೋಟ್ ನೀರಿಗೆ ಇಳಿಯಬೇಕೇ ಬೇಡವೇ, ಎಷ್ಟು ಜನ ಹತ್ತಬೇಕು ಎಂಬ ತೀರ್ಮಾನ ಚಾಲಕನದು. ಬಾಯಿಮಾತಿನಲ್ಲಿ ಎಲ್ಲರೂ ಒಪ್ಪುತ್ತಾರೆ. ಭಾನುವಾರ ಸಂಜೆ, ಮೋಡ ಕವಿದಾಗ, ‘ಇನ್ನೊಂದು ರೌಂಡು ಹೊಡೆಸಿಬಿಡಪ್ಪ, ಗೊತ್ತಿರುವವರು’ ಎಂದು ಮ್ಯಾನೇಜರ್ ಬಂದು ನಿಂತಾಗ ಆ ಕಾಗದ ಬೇಕಾಗುತ್ತದೆ.

ದಿನದ ಲೆಕ್ಕದಲ್ಲಿ ಬದಲಿ ಕ್ಯಾಪ್ಟನ್

ನನ್ನ ಪ್ರಕಾರ ಈ ಎರಡು ಜಿಲ್ಲೆಗಳಲ್ಲಿ ಹೊಸಬನಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಖಾಯಂ ಚಾಲಕ ಮದುವೆಗೆ ಹೋದ, ಜ್ವರದಲ್ಲಿ ಮಲಗಿದ, ಊರ ಜಾತ್ರೆಗೆ ರಜೆ ಹಾಕಿದ. ಮಾಲೀಕನಿಗೆ ಶನಿವಾರ ಬೆಳಗ್ಗೆ ಏಳಕ್ಕೆ ಒಬ್ಬ ಬೇಕು. ನೀವು ಆ ಒಬ್ಬ.

ಮಲೆನಾಡಿನಲ್ಲಿ ಇದಕ್ಕೆ ಒಂದು ವಿಶೇಷ ಕಾರಣವೂ ಸೇರಿಕೊಂಡಿದೆ. ಪ್ರವಾಸಿಗರು ಮುಗಿಬೀಳುವುದು ಡಿಸೆಂಬರಿನ ಕೊನೆಯ ವಾರಗಳಲ್ಲಿ. ಅದೇ ಹೊತ್ತಿಗೆ ಅರೇಬಿಕಾ ಕೊಯ್ಲು ಭರದಿಂದ ಸಾಗಿರುತ್ತದೆ. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಶುರುವಾಗುತ್ತದೆ. ಬೋಟ್ ನಡೆಸುವ ಸ್ಥಳೀಯ ಹುಡುಗರಲ್ಲಿ ತೋಟದ ಮನೆಗಳವರು ಇರುತ್ತಾರೆ, ಕಣದಲ್ಲಿ ಕಾಫಿ ಹರಡುವ ಕೆಲಸ ಬಿಟ್ಟು ಅವರು ಬರುವುದಿಲ್ಲ. ಹಾಗಾಗಿ ನವೆಂಬರಿನ ಮೊದಲ ವಾರವೇ ಮಾಲೀಕರ ಬಳಿ ಹೋಗಿ ‘ಕೊಯ್ಲಿನ ಹೊತ್ತಿಗೆ ಜನ ಬೇಕಾದರೆ ಹೇಳಿ’ ಎಂದವನಿಗೆ ಫೆಬ್ರವರಿವರೆಗೆ ವಾರಾಂತ್ಯಗಳು ತುಂಬುತ್ತವೆ.

ಹೋಗುವುದು ಯಾವಾಗ ಎಂಬುದೂ ಮುಖ್ಯ. ಶನಿವಾರ ದಡಕ್ಕೆ ಹೋಗಿ ಮಾಲೀಕನನ್ನು ಮಾತನಾಡಿಸಿದರೆ ಅವನು ಮುಖ ಎತ್ತಿಯೂ ನೋಡುವುದಿಲ್ಲ. ಮಂಗಳವಾರವೋ ಬುಧವಾರವೋ ಬೆಳಗ್ಗೆ ಹೋಗಿ. ಅವನು ಎಂಜಿನ್ ಮುಚ್ಚಳ ತೆಗೆದು ಕೂತಿರುತ್ತಾನೆ, ಮಾತಿಗೆ ಜನ ಬೇಕಾಗಿರುತ್ತದೆ. ನಿಮ್ಮ ಕಾಗದಗಳ ನಕಲು ಇರುವ ಒಂದು ಪ್ಲಾಸ್ಟಿಕ್ ಫೋಲ್ಡರ್ ಅವನ ಕೈಯಲ್ಲೇ ಬಿಟ್ಟು ಬನ್ನಿ.

ಇನ್ನೊಬ್ಬ ಮುಖ್ಯ ವ್ಯಕ್ತಿ ಔಟ್‌ಬೋರ್ಡ್ ಎಂಜಿನ್ ರಿಪೇರಿಯ ಮೆಕ್ಯಾನಿಕ್. ಯಾವ ಮಾಲೀಕನ ಚಾಲಕ ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಬೆರೆಸುವುದನ್ನು ಮರೆತು ಪಿಸ್ಟನ್ ಹಿಡಿಸಿದ, ಯಾರು ಪ್ರೊಪೆಲ್ಲರ್ ಮುರಿದುಕೊಂಡು ಬಂದರು ಎಂಬುದೆಲ್ಲ ಅವನಿಗೆ ತಿಳಿದಿರುತ್ತದೆ. ‘ಒಳ್ಳೆಯ ಹುಡುಗ ಯಾರಾದರೂ ಇದ್ದಾನೆಯೇ’ ಎಂದು ಮಾಲೀಕ ಕೇಳುವುದೂ ಅವನನ್ನೇ. ಅವನ ಶೆಡ್ಡಿನಲ್ಲಿ ಕೆಲವು ದಿನ ಸುಮ್ಮನೆ ಕೈ ಜೋಡಿಸಿದರೆ ಎಂಜಿನ್ನಿನ ಸಣ್ಣಪುಟ್ಟ ಕೆಲಸ ಕಲಿತಂತೆಯೂ ಆಯಿತು, ಹೆಸರು ಹಬ್ಬಿದಂತೆಯೂ ಆಯಿತು.

ಮೀನುಗಾರರನ್ನು ಮರೆಯಬೇಡಿ. ಹೇಮಾವತಿಯಲ್ಲೂ ಭದ್ರೆಯಲ್ಲೂ ಅಣೆಕಟ್ಟು ಕಟ್ಟಿದಾಗ ಊರು, ಗದ್ದೆ, ಕಾಡು ಎಲ್ಲ ಮುಳುಗಿದವು. ಆ ಮರಗಳ ಬೊಡ್ಡೆಗಳು ಇನ್ನೂ ನೀರಿನಡಿ ನಿಂತಿವೆ. ಆಗಸ್ಟಿನಲ್ಲಿ ಆಣೆಕಟ್ಟು ತುಂಬಿರುವಾಗ ನೀವು ಅವುಗಳ ಮೇಲೆ ಹಾಯಾಗಿ ಹೋಗಿರುತ್ತೀರಿ; ಜನವರಿಯಲ್ಲಿ ನಾಲೆಗೆ ನೀರು ಬಿಟ್ಟು ಮಟ್ಟ ಇಳಿದಾಗ ಅದೇ ದಾರಿಯಲ್ಲಿ ಬೊಡ್ಡೆಯ ತುದಿ ಒಂದು ಗೇಣು ಕೆಳಗಿರುತ್ತದೆ, ಕಾಣುವುದಿಲ್ಲ. ಎಲ್ಲೆಲ್ಲಿ ಬೊಡ್ಡೆ ಇದೆ ಎಂಬುದು ಯಾವ ನಕ್ಷೆಯಲ್ಲೂ ಸಿಗದು, ರಾತ್ರಿ ಬಲೆ ಬಿಡುವವನಿಗೆ ಗೊತ್ತು. ಬಲೆ ಹರಿಸಿಕೊಂಡೇ ಅವನು ಅದನ್ನು ಕಲಿತಿರುತ್ತಾನೆ. ಅವನ ಜೊತೆ ತೆಪ್ಪದಲ್ಲಿ ಒಂದು ಬೆಳಗು ಸುತ್ತಿ, ಅವನು ಹೇಳಿದ್ದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡರೆ, ಬೇರೆ ಜಿಲ್ಲೆಯಿಂದ ಬಂದ ಎಷ್ಟೇ ದೊಡ್ಡ ಕ್ಯಾಪ್ಟನ್‌ಗಿಂತ ನೀವು ಮಾಲೀಕನಿಗೆ ಹೆಚ್ಚು ಬೆಲೆಯವರು.

ದರ ಹೇಳಲು ಹಲವರು ತಡವರಿಸುತ್ತಾರೆ. ಲೆಕ್ಕ ಹಿಂದಿನಿಂದ ಹಾಕಿ. ಮನೆಗೆ ತಿಂಗಳಿಗೆ 30,000 ರೂಪಾಯಿ ಬೇಕು, ಕೆಲಸ ಸಿಗುವುದು ಹನ್ನೆರಡು ದಿನ ಎಂದಿಟ್ಟುಕೊಂಡರೆ ದಿನಕ್ಕೆ 2,500 ಆಗಬೇಕು, ಓಡಾಟದ ಖರ್ಚು ಬೇರೆ. ತಿಂಗಳ ಸಂಬಳದವನ ದಿನದ ಕೂಲಿಗೆ ಇದನ್ನು ಹೋಲಿಸಿ ‘ದುಬಾರಿ’ ಎನ್ನುವ ಮಾಲೀಕ ಉಳಿದ ಹದಿನೆಂಟು ದಿನಗಳನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ, ಮೆಲ್ಲಗೆ ನೆನಪಿಸಿ. ಮಳೆಯಿಂದ ಬೋಟ್ ನಿಂತರೆ ಅರ್ಧ ದಿನದ ಹಣ ಎಂದು ಮೊದಲೇ ಮಾತಾಗಿರಲಿ. ಹಾಗೆ ಮಾತಾಗಿದ್ದರೆ, ಬೇಡವಾದ ಗಾಳಿಯಲ್ಲಿ ಬೋಟ್ ಇಳಿಸುವ ಆಸೆ ನಿಮಗೂ ಹುಟ್ಟುವುದಿಲ್ಲ.

ಈ ದಾರಿಯಲ್ಲಿ ಪಿಎಫ್ ಇಲ್ಲ, ಬಿದ್ದರೆ ನೋಡುವವರಿಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ, ಅದನ್ನಂತೂ ಮಾಡಿಸಿ. ಖಾಸಗಿ ಪಾಲಿಸಿ ಕೊಳ್ಳುವವರು ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿದ್ದಾರೆಯೇ ಎಂದು ಸಣ್ಣ ಅಕ್ಷರ ಓದಬೇಕು. ಬಹಳಷ್ಟು ಪಾಲಿಸಿಗಳಲ್ಲಿ ಹೊರಗಿಟ್ಟಿರುತ್ತಾರೆ.

ಇಲಾಖೆ, ನಿಗಮ, ಗುತ್ತಿಗೆ

ಲಕ್ಕವಳ್ಳಿಯ ಹಿನ್ನೀರು ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ತಾಗಿದೆ. ಅಲ್ಲಿ ಮನಸ್ಸಿಗೆ ಬಂದಂತೆ ಖಾಸಗಿ ಬೋಟ್ ಇಳಿಸುವಂತಿಲ್ಲ. ಪ್ರವಾಸಿಗರ ಬೋಟ್ ಸಫಾರಿ ಎಂದರೆ ಮುಖ್ಯವಾಗಿ ರಾಜ್ಯ ಸರ್ಕಾರದ ನಿಗಮವಾದ ಜಂಗಲ್ ಲಾಡ್ಜಸ್‌ನ ರಿವರ್ ಟರ್ನ್ ಲಾಡ್ಜ್. ಹಾಗಾಗಿ ಅಲ್ಲಿ ಬಿಡಿ ಕ್ಯಾಪ್ಟನ್‌ಗೆ ಮಾರುಕಟ್ಟೆ ಎಂಬುದೇ ಇಲ್ಲ, ಬಾಗಿಲು ಒಂದೇ. ಬೇಲೂರಿನ ಯಗಚಿಯಲ್ಲಿ ಸ್ಪೀಡ್ ಬೋಟ್, ಜೆಟ್ ಸ್ಕೀ, ಬನಾನಾ ರೈಡ್ ಎಲ್ಲ ಇರುವ ಜಲಕ್ರೀಡಾ ಕೇಂದ್ರವಿದೆ. ಅಲ್ಲಿ ಬೇಕಾಗುವ ಚಳಕವೇ ಬೇರೆ: ದಿನವಿಡೀ ಚಿಕ್ಕ ಸುತ್ತುಗಳು, ಕಿರುಚುವ ಕಾಲೇಜು ಹುಡುಗರು, ಸರದಿಯಲ್ಲಿ ನಿಂತವರ ಗಲಾಟೆ.

ಎರಡನ್ನೂ ಒಂದೇ ಅರ್ಜಿಯಲ್ಲಿ ಹಿಡಿಯಲು ಹೋಗಬೇಡಿ. ಯಗಚಿಯಂಥ ಕಡೆಗೆ ಜೀವರಕ್ಷಣೆಯ ತರಬೇತಿ ಪತ್ರ ಮೇಲಿರಲಿ. ಲಕ್ಕವಳ್ಳಿಗೆ ಬರೆಯುವಾಗ ಎಂಜಿನ್ ಆರಿಸಿ ತೇಲುತ್ತ ಹೋಗಲು ಬರುತ್ತದೆ ಎಂಬುದು ಮೇಲಿರಲಿ. ಬೇಸಿಗೆಯಲ್ಲಿ ನೀರು ಇಳಿದು ನಡುಗಡ್ಡೆಗಳು ಎದ್ದಾಗ ರಿವರ್ ಟರ್ನ್ ಹಕ್ಕಿಗಳು ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಬೋಟ್ ತೀರ ಹತ್ತಿರ ಬಂದರೆ ತಾಯಿ ಹಕ್ಕಿ ಏಳುತ್ತದೆ, ಮೊಟ್ಟೆ ಏಪ್ರಿಲ್ ಬಿಸಿಲಿಗೆ ಬೀಳುತ್ತದೆ. ದೊಡ್ಡ ಕ್ಯಾಮೆರಾ ಹಿಡಿದ ಅತಿಥಿ ‘ಇನ್ನೂ ಸ್ವಲ್ಪ ಹತ್ತಿರ’ ಎನ್ನುತ್ತಲೇ ಇರುತ್ತಾನೆ. ಅವನಿಗೆ ಬೇಸರವಾಗದಂತೆ ಬೇಡ ಎನ್ನಬಲ್ಲ, ಬೋಟನ್ನು ಬೆಳಕಿಗೆ ಬೆನ್ನು ಕೊಟ್ಟು ಅಲುಗದಂತೆ ನಿಲ್ಲಿಸಬಲ್ಲ ಚಾಲಕನನ್ನು ಛಾಯಾಗ್ರಾಹಕರೇ ಹೆಸರಿಟ್ಟು ಕೇಳಿಕೊಂಡು ಬರುತ್ತಾರೆ.

ಗುತ್ತಿಗೆಯ ಮೂಲಕ ಸೇರುವವರು ಸಂಬಳ ಯಾರ ಖಾತೆಯಿಂದ ಬರುತ್ತದೆ, ಪಿಎಫ್, ಇಎಸ್‌ಐ ನಿಜವಾಗಿ ಕಟ್ಟುತ್ತಾರೆಯೇ ಎಂದು ಮೊದಲ ತಿಂಗಳೇ ನೋಡಿಕೊಳ್ಳಬೇಕು. ಗುತ್ತಿಗೆ ಕೈ ಬದಲಾದಾಗ ಹಳೆಯವರನ್ನು ಉಳಿಸಿಕೊಳ್ಳುವ ಖಾತ್ರಿ ಇಲ್ಲ.

ಮೊಬೈಲಿನ ಮೂಲಕ

ಮೊದಲೇ ಹೇಳಿದಂತೆ ಇನ್‌ಸ್ಟಾಗ್ರಾಂ ಕೊನೆಯ ಸ್ಥಾನದಲ್ಲಿದೆ. ಹಾಕುವುದಾದರೆ ಒಂದು ಎಚ್ಚರ: ಲೈಫ್ ಜಾಕೆಟ್ ಇಲ್ಲದ ಒಬ್ಬನೇ ಒಬ್ಬ ಪ್ರಯಾಣಿಕ ವಿಡಿಯೊದಲ್ಲಿ ಕಂಡರೂ ಮಾಲೀಕರು ನಿಮ್ಮನ್ನು ಪಟ್ಟಿಯಿಂದ ತೆಗೆಯುತ್ತಾರೆ. ಜಾಕೆಟ್ಟಿನ ಬಕಲ್ ಎಳೆದು ನೋಡುತ್ತಿರುವ, ಚಾಲಕ ಬಿದ್ದರೆ ಎಂಜಿನ್ ಆರಿಸುವ ಕಿಲ್ ಸ್ವಿಚ್ಚಿನ ದಾರವನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳುತ್ತಿರುವ ಹತ್ತು ಸೆಕೆಂಡಿನ ವಿಡಿಯೊ ಸೂರ್ಯಾಸ್ತದ ಯಾವ ಚಿತ್ರಕ್ಕಿಂತಲೂ ವಾಸಿ.

ಗೂಗಲ್ ನಕ್ಷೆಯಲ್ಲಿ ಅಂಗಡಿ ಇಲ್ಲದಿದ್ದರೂ ‘ಸೇವೆ ಕೊಡುವ ಪ್ರದೇಶ’ ತೋರಿಸಿ ಹೆಸರು ದಾಖಲಿಸಬಹುದು, ದುಡ್ಡು ಬೇಡ. ಬೆಂಗಳೂರಿನಿಂದ ಹೊಸದಾಗಿ ಜಾಗ ಕೊಂಡು ಬೋಟ್ ತಂದಿಟ್ಟವರು ಹುಡುಕುವುದು ಅಲ್ಲಿಯೇ. ಅವರಿಗೆ ಊರಿನ ಮೆಕ್ಯಾನಿಕ್ ಗೊತ್ತಿರುವುದಿಲ್ಲ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ. ಅನುಭವ ಬರೆಯುವಂತೆ ಪ್ರವಾಸಿಗರನ್ನು ಕೇಳುವ ಬದಲು ಮಾಲೀಕರನ್ನು ಕೇಳಿ.

ನಿಜವಾಗಿ ಕೆಲಸ ತರುವುದು ವಾಟ್ಸ್‌ಆ್ಯಪ್. ಗುರುವಾರ ಸಂಜೆ ಸ್ಟೇಟಸ್‌ನಲ್ಲಿ ಒಂದೇ ಸಾಲು: ‘ಶನಿವಾರ ಖಾಲಿ ಇದ್ದೇನೆ, ಭಾನುವಾರ ತುಂಬಿದೆ.’ ಅಷ್ಟೇ. ತುಂಬಿದೆ ಎಂಬುದನ್ನೂ ಹಾಕಬೇಕು, ಬೇಡಿಕೆ ಇರುವವನನ್ನೇ ಜನ ಕರೆಯುತ್ತಾರೆ. ಆದರೆ ಸುಳ್ಳು ಹಾಕಬೇಡಿ. ಈ ಎರಡು ಜಿಲ್ಲೆಗಳ ಬೋಟ್ ಲೋಕ ಚಿಕ್ಕದು, ಭಾನುವಾರ ನೀವು ಸಂತೆಯಲ್ಲಿ ಕಂಡ ಸುದ್ದಿ ಸೋಮವಾರ ದಡಕ್ಕೆ ಮುಟ್ಟಿರುತ್ತದೆ.

ಟ್ರಾವೆಲ್ ಏಜೆಂಟರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಕಮಿಷನ್ ಅವರಿಗೆ, ಹೊಣೆ ನಿಮಗೆ.

ಘಟ್ಟ ಇಳಿಯುವುದು

ಜಲಾಶಯದ ವರ್ಷ, ಕಡಲಿನ ವರ್ಷ ಒಂದಕ್ಕೊಂದು ಪೂರಕವಾಗಿವೆ. ಮಾರ್ಚ್ ಕಳೆದರೆ ಹೇಮಾವತಿ ಹಿನ್ನೀರು ಕುಗ್ಗುತ್ತದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ, ನೀರು ತುಂಬಿದಾಗ ಅರ್ಧ ಮುಳುಗುವ ಶೆಟ್ಟಿಹಳ್ಳಿಯ ಚರ್ಚಿನ ಬಾಗಿಲಿಗೇ ಕಾರು ಹೋಗುತ್ತದೆ, ಬೋಟ್ ಯಾರಿಗೂ ಬೇಡ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ, ಹೊನ್ನಾವರದ ಶರಾವತಿ ಹಿನ್ನೀರಿಗೆ, ಗೋವಾಕ್ಕೆ ಆಗ ಬೇಸಿಗೆ ರಜೆಯ ಜನ. ಮಳೆಗಾಲದಲ್ಲಿ ಕಡಲಿನ ಪ್ರವಾಸಿ ಬೋಟುಗಳು ನಿಲ್ಲುತ್ತವೆ. ಆ ಹೊತ್ತಿಗೆ ಕಳಸ, ಬಾಳೆಹೊನ್ನೂರಿನ ಕಡೆಯ ಭದ್ರೆಯಲ್ಲಿ ರ‍್ಯಾಫ್ಟಿಂಗ್ ಶುರುವಾಗುತ್ತದೆ. ಹುಟ್ಟು ಹಿಡಿದು ಬಂಡೆಗಳ ನಡುವೆ ರಬ್ಬರ್ ದೋಣಿ ಇಳಿಸುವುದು ಎಂಜಿನ್ ಬೋಟಿನವನಿಗೆ ತಾನಾಗಿ ಬರುವ ವಿದ್ಯೆಯಲ್ಲ, ಅದಕ್ಕೆ ಬೇರೆಯೇ ತರಬೇತಿ ಬೇಕು. ಮಳೆ ಜೋರಾದರೆ ಜಿಲ್ಲಾಡಳಿತ ಅದನ್ನೂ ನಿಲ್ಲಿಸುತ್ತದೆ.

ಹಾಸನದಲ್ಲಿ ರಾತ್ರಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಕಾರವಾರ. ಚಿಕ್ಕಮಗಳೂರಿನವರಿಗೆ ಚಾರ್ಮಾಡಿ ಇದೆ. ಹೋಗುವುದು ಸುಲಭ, ನೆಲೆ ಊರುವುದು ಕಷ್ಟ. ಕರಾವಳಿಯಲ್ಲಿ ತಲೆಮಾರುಗಳಿಂದ ಬೋಟ್ ನಡೆಸುವ ತಾಂಡೇಲರ ಮನೆಗಳಿವೆ, ಘಟ್ಟದ ಮೇಲಿಂದ ಬಂದವನಿಗೆ ಚುಕ್ಕಾಣಿ ಕೈಗೆ ಕೊಡುವುದಿಲ್ಲ. ಕೊಡದಿರುವುದೇ ಸರಿ. ಜಲಾಶಯದ ನೀರಿಗೆ ಭರತ, ಇಳಿತ ಇಲ್ಲ. ನದಿ ಕಡಲು ಸೇರುವ ಅಳಿವೆಯಲ್ಲಿ ಇಳಿತದ ನೀರು ಹೊರಗೆ ಓಡುವಾಗ ಎದುರಿನಿಂದ ಅಲೆ ಬಂದರೆ ಬೋಟಿನ ಮೂಗನ್ನು ಎಲ್ಲಿ ಹಿಡಿಯಬೇಕು ಎಂಬುದು ಗೊರೂರಿನಲ್ಲಿ ಕಲಿಯಲು ಸಿಗುವುದಿಲ್ಲ. ಮೊದಲ ವರ್ಷ ಸಹಾಯಕನಾಗಿ, ಕಡಿಮೆ ಸಂಬಳಕ್ಕೆ, ಹಗ್ಗ ಎಸೆಯುವ ಕೆಲಸಕ್ಕೆ ಸಿದ್ಧವಿದ್ದರೆ ಮಾತ್ರ ಹೋಗಿ. ಒಳನಾಡಿನ ಪತ್ರ ಕಡಲಿಗೆ ನಡೆಯುತ್ತದೆ ಎಂದು ಭಾವಿಸಬೇಡಿ, ಅಲ್ಲಿಯ ಬಂದರು ಕಚೇರಿಯಲ್ಲಿ ಕೇಳಿ. ಮದುವೆಯಾಗದವರಿಗೆ, ಮುಂದೆ ದೊಡ್ಡ ಬೋಟುಗಳಿಗೆ ಹೋಗುವ ಆಸೆ ಇರುವವರಿಗೆ ಇದು ದಾರಿ. ಉಳಿದವರಿಗೆ ಏಪ್ರಿಲ್, ಮೇ ತಿಂಗಳನ್ನು ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿ ಕಳೆಯುವುದೇ ಲಾಭ. ಬೋಟುಗಳೆಲ್ಲ ದಡಕ್ಕೆ ಬಂದು ರಿಪೇರಿಯಾಗುವುದು ಆಗಲೇ.

ದಾರಿಗಳನ್ನು ಬೆರೆಸುವವರಿಗೆ

ವಾರದ ಐದು ದಿನ ರೆಸಾರ್ಟಿನಲ್ಲಿದ್ದು ವಾರಾಂತ್ಯ ಬೇರೆಡೆ ಹೋಗುತ್ತೇನೆ ಎಂಬ ಲೆಕ್ಕಾಚಾರ ನಡೆಯುವುದಿಲ್ಲ, ರೆಸಾರ್ಟಿಗೆ ನೀವು ಬೇಕಾದದ್ದೇ ವಾರಾಂತ್ಯಕ್ಕೆ. ಬದಲಿ ಕೆಲಸದ ಜೊತೆ ಹೊಂದುವುದು ವಾರದ ನಡುವೆ ಬಿಡುವು ಕೊಡುವ ಕಸುಬು: ಎಂಜಿನ್ ರಿಪೇರಿ, ತೋಟದ ಪಂಪ್‌ಸೆಟ್ ಕೆಲಸ, ಟ್ಯಾಕ್ಸಿ ಓಡಿಸುವುದು.

ದಸರಾ ರಜೆಗೋ ಹೊಸ ವರ್ಷದ ಹಿಂದಿನ ದಿನಕ್ಕೋ ಒಂದೇ ದಿನಕ್ಕೆ ಇಬ್ಬರು ಮಾಲೀಕರು ಕರೆಯುವುದು ಖಂಡಿತ. ಎರಡನೆಯವನು ಹೆಚ್ಚು ಹಣ ಕೊಡುತ್ತೇನೆ ಎನ್ನುತ್ತಾನೆ. ಮೊದಲನೆಯವನಿಂದ ಮುಂಗಡ ಬಂದಿದ್ದರೆ ಅಲ್ಲಿಗೇ ಹೋಗಿ. ಬಂದಿಲ್ಲದಿದ್ದರೂ ಅವನಿಗೆ ಒಂದು ಫೋನ್ ಮಾಡಿ, ‘ಅಣ್ಣ, ಇನ್ನೊಂದು ಕಡೆಯಿಂದ ಕರೆ ಬಂದಿದೆ, ನಿಮ್ಮದು ಗಟ್ಟಿಯೇ?’ ಎಂದು ಕೇಳಿ. ಗಟ್ಟಿ ಎಂದರೆ ಅವನ ಕಡೆಗೇ ಹೋಗಿ, ಎರಡನೆಯವನಿಗೆ ನಿಮ್ಮಷ್ಟೇ ಕಾಗದ ಇರುವ ಇನ್ನೊಬ್ಬ ಚಾಲಕನ ನಂಬರ್ ಕೊಡಿ. ಆ ಚಾಲಕನೂ ಮುಂದೊಂದು ದಿನ ನಿಮ್ಮ ನಂಬರನ್ನು ಹೀಗೆಯೇ ಯಾರಿಗಾದರೂ ಕೊಡುತ್ತಾನೆ.